ಕಾರ್ಖಾನೆಗಾಗಿ ದುಡಿದ ಮೂರು ರೈಲುಗಳು: ಯಾವುದಕ್ಕೆ ಹೋಗಬೇಕು?

ಇಂಗ್ಲೆಂಡಿನಲ್ಲಿ ಸ್ವಯಂಸೇವಕರೇ ನಡೆಸುವ ಹಳೆಯ ರೈಲುಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಊರಿಂದೂರಿಗೆ ಜನರನ್ನು ಸಾಗಿಸಿದ ಮಾರ್ಗಗಳು. ನನಗೆ ಬೇಕಿದ್ದದ್ದು ಗಣಿಗಾಗಿ, ಕಾರ್ಖಾನೆಗಾಗಿ ದುಡಿದ ರೈಲು. ಆ ಕಾರ್ಖಾನೆ ಇಂದಿಗೂ ನಡೆಯುತ್ತಿದ್ದರೆ ಇನ್ನೂ ಒಳ್ಳೆಯದು. ಲೀಡ್ಸ್‌ನ ಮಿಡಲ್‌ಟನ್, ಬೆಡ್‌ಫರ್ಡ್‌ಶೈರ್‌ನ ಲೇಟನ್ ಬಝಾರ್ಡ್, ಕೆಂಟ್‌ನ ಸಿಟಿಂಗ್‌ಬೋರ್ನ್–ಕೆಮ್ಸ್ಲಿ, ಈ ಮೂರರಲ್ಲೂ ಕೂತು ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಚರಿತ್ರೆಯೇ ಮುಖ್ಯ ಅನ್ನುವವರು ಮಿಡಲ್‌ಟನ್‌ಗೆ ಹೋಗಬೇಕು. 1758ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕವೇ ಅನುಮತಿ ಪಡೆದ ಕಲ್ಲಿದ್ದಲು ಹಳಿ ಇದು. 1812ರಲ್ಲಿ ಇಲ್ಲಿ ಹಲ್ಲುಹಳಿಯ ಮೇಲೆ (ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಳ್ಳುವಂಥ ಹಳಿ) ಉಗಿ ಎಂಜಿನ್‌ಗಳು ಓಡಿದವು. ನನಗೆ ಹೆಚ್ಚು ಹಿಡಿಸಿದ್ದು 1960ರ ನಂತರದ ಕಥೆ. ಹಳಿಯನ್ನು ವಹಿಸಿಕೊಂಡ ಸ್ವಯಂಸೇವಕರು ಅದನ್ನು ಬರೀ ಪ್ರದರ್ಶನಕ್ಕೆ ಇಟ್ಟುಕೊಳ್ಳಲಿಲ್ಲ. ಸುತ್ತಲಿನ ಕಾರ್ಖಾನೆಗಳ ಸರಕನ್ನು 1983ರವರೆಗೂ ಎಳೆದರು. ಅಂಥ ಕೆಲಸವನ್ನು ಸಂಬಳವಿಲ್ಲದೆ ವರ್ಷಗಟ್ಟಲೆ ನಡೆಸಿದವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಈಗ ಆ ಸರಕೂ ಇಲ್ಲ, ಗಣಿಯೂ ಇಲ್ಲ. ಪ್ರಯಾಣ ಸುಮಾರು ಒಂದು ಮೈಲಿಯಷ್ಟೇ, ಕೊನೆಗೆ ಸಿಗುವುದು ಒಂದು ಪಾರ್ಕು. ನೋಡಬೇಕಾದದ್ದೆಲ್ಲ ಮೂರ್ ರೋಡ್ ನಿಲ್ದಾಣದ ಎಂಜಿನ್ ಶೆಡ್‌ನಲ್ಲಿದೆ.

ಮಕ್ಕಳು ಜೊತೆಗಿದ್ದರೆ ಲೇಟನ್ ಬಝಾರ್ಡ್. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಮರಳು ಬರುವುದು ನಿಂತಾಗ ಇಲ್ಲಿನ ಮರಳಿಗೆ ಬೇಡಿಕೆ ಬಂತು. 1919ರಲ್ಲಿ, ಯುದ್ಧ ಮುಗಿದು ಮಿಕ್ಕಿದ್ದ ಸಾಮಗ್ರಿಯಿಂದಲೇ ಎರಡಡಿ ಅಗಲದ ಈ ಹಳಿ ಹಾಕಿದರು. ಮರಳಿನ ಸಾಗಣೆ ಲಾರಿಗೆ ಹೋದ ಮೇಲೆ ಊರು ಬೆಳೆದು ಹಳಿಯನ್ನು ಸುತ್ತುವರಿದಿದೆ. ರೈಲು ಮನೆಗಳ ಹಿತ್ತಲನ್ನು ಸವರಿಕೊಂಡೇ ಹೋಗುತ್ತದೆ. ರಸ್ತೆ ಅಡ್ಡ ಬಂದ ಕಡೆ ಸಿಬ್ಬಂದಿಯೊಬ್ಬರು ಇಳಿದು ಕೆಂಪು ಬಾವುಟ ಹಿಡಿದು ನಿಂತರು; ಕಾರುಗಳು ನಿಂತವು, ಪುಟ್ಟ ಎಂಜಿನ್ ದಾಟಿತು. ತಿರುವು, ಏರು ಎರಡೂ ಹೆಚ್ಚು, ಬೇಸರವೇ ಆಗುವುದಿಲ್ಲ. ಮೂರರಲ್ಲಿ ಅತಿ ಸುಲಭದ, ಸಂತೋಷದ ಪ್ರವಾಸ ಇದೇ.

ಆದರೂ ನನ್ನ ಆಯ್ಕೆ ಸಿಟಿಂಗ್‌ಬೋರ್ನ್–ಕೆಮ್ಸ್ಲಿ. ಭದ್ರಾವತಿಯ ಕಾಗದನಗರ ಕಂಡವರಿಗೆ ಕಾರಣ ಬೇಗ ಅರ್ಥವಾದೀತು. ಇದು ಎರಡು ಕಾಗದದ ಮಿಲ್ಲುಗಳನ್ನೂ ಹಡಗು ಬರುವ ರಿಡಮ್ ಡಾಕನ್ನೂ ಜೋಡಿಸಿದ್ದ ರೈಲು. ಹಳಿಯ ಅಗಲ ಎರಡೂವರೆ ಅಡಿ, ನಮ್ಮ ಹಳೆಯ ಚಿಕ್ಕಬಳ್ಳಾಪುರ–ಕೋಲಾರ ನ್ಯಾರೋಗೇಜಿನದೇ ಅಳತೆ. ಲಾರಿಯೇ ಅಗ್ಗ ಎಂದು ಕಂಪನಿ 1969ರಲ್ಲಿ ರೈಲು ನಿಲ್ಲಿಸಿದಾಗ ಮಾರ್ಗದ ಒಂದು ಭಾಗ ಹವ್ಯಾಸಿಗಳ ಕೈಗೆ ಬಂತು. 2007ರಲ್ಲಿ ಸಿಟಿಂಗ್‌ಬೋರ್ನ್ ಮಿಲ್ಲು ಮುಚ್ಚಿ ಜಾಗ ಮಾರಾಟವಾದಾಗ ರೈಲಿನ ಕುತ್ತಿಗೆಗೇ ಬಂದಿತ್ತು. ಸ್ವಯಂಸೇವಕರು ಬಿಟ್ಟುಕೊಡದೆ ಉಳಿಸಿಕೊಂಡರು.

ರೈಲು ಹೊರಟಕೂಡಲೇ ಸುಮಾರು ಅರ್ಧ ಮೈಲಿ ಉದ್ದದ ಹಳೆಯ ಕಾಂಕ್ರೀಟ್ ಸೇತುವೆಯ ಮೇಲೆ ಸಾಗುತ್ತದೆ. ಆಮೇಲೆ ಜೌಗು, ಪೊದೆ. ಕೊನೆಯಲ್ಲಿ ಎದುರಾಗುವುದು 1924ರಲ್ಲಿ ಶುರುವಾದ ಕೆಮ್ಸ್ಲಿ ಮಿಲ್ಲು. ಅದು ಇಂದಿಗೂ ನಡೆಯುತ್ತಿದೆ. ರದ್ದಿಯಿಂದ ರಟ್ಟಿನ ಪೆಟ್ಟಿಗೆಗೆ ಬೇಕಾದ ಕಾಗದ ಮಾಡುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಈ ಹಳಿಯನ್ನು ಯಾಕೆ ಹಾಕಿದ್ದರು ಎಂದು ಯಾರೂ ವಿವರಿಸಬೇಕಾಗಿಲ್ಲ.

ಕೊನೆಯ ನಿಲ್ದಾಣವಾದ ಕೆಮ್ಸ್ಲಿ ಡೌನ್‌ನಲ್ಲಿ 'ಯುನಿಕ್' ಎಂಬ 1923ರ ಎಂಜಿನ್ ಇದೆ, ಅದನ್ನು ತಪ್ಪದೆ ನೋಡಿ. ಅದರಲ್ಲಿ ಬೆಂಕಿಯೇ ಇಲ್ಲ. ಕಾಗದದ ರಾಶಿಯ ಹತ್ತಿರ ಕಿಡಿ ಹಾರಬಾರದೆಂದು, ಫ್ಲಾಸ್ಕಿಗೆ ಬಿಸಿನೀರು ತುಂಬುವ ಹಾಗೆ ಮಿಲ್ಲಿನ ಬಾಯ್ಲರಿನಿಂದ ಅದರ ತೊಟ್ಟಿಗೆ ಉಗಿ ತುಂಬುತ್ತಿದ್ದರು. ಒತ್ತಡ ಇಳಿಯುವವರೆಗೆ ಓಡಾಡಿ ಮತ್ತೆ ತುಂಬಿಸಿಕೊಳ್ಳಲು ಬರುತ್ತಿತ್ತು. ಮಿಲ್ಲಿಲ್ಲದೆ ಆ ಎಂಜಿನ್ನಿಗೆ ಜೀವವೇ ಇರಲಿಲ್ಲ.

ತೊಂದರೆಯೂ ಇದೆ. ರೈಲು ಓಡುವ ದಿನಗಳು ಕಡಿಮೆ, ಹೆಚ್ಚಾಗಿ ಬೇಸಿಗೆಯ ಭಾನುವಾರಗಳು. ಕೆಮ್ಸ್ಲಿ ಡೌನ್‌ಗೆ ಸಂದರ್ಶಕರಿಗೆ ರಸ್ತೆಯಿಲ್ಲ. ರೈಲಿನಲ್ಲೇ ಹೋಗಿ ರೈಲಿನಲ್ಲೇ ಬರಬೇಕು. ಹಾಗಾಗಿ ಕೊನೆಯ ರೈಲಿಗೆ ಹೋಗಬೇಡಿ. ಮೊದಲ ರೈಲು ಹಿಡಿದರೆ ಅಲ್ಲಿ ಇಳಿದು, ನಿಧಾನವಾಗಿ ಎಲ್ಲ ನೋಡಿ, ಶೆಡ್ಡಿನಲ್ಲಿ ಕೈ ಮಸಿ ಮಾಡಿಕೊಂಡವರನ್ನು ಮಾತಾಡಿಸಿ, ಮುಂದಿನದಕ್ಕೆ ಹತ್ತಬಹುದು.