ಮಳೆಗಾಲಕ್ಕೆ ಒಂದು ಪುಟ್ಟ ರೌಟರ್ ಯುಪಿಎಸ್

ಪೆರ್ಲದ ನಮ್ಮ ಮನೆಯಲ್ಲಿ ಜೂನ್ ಬಂತೆಂದರೆ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಲೈನಿನ ಮೇಲೆ ಒಂದು ಅಡಿಕೆ ಮರ ಬಿದ್ದರೆ ಆಯಿತು. ಕಳೆದ ವರ್ಷ ಮೀಟಿಂಗ್ ನಡುವೆ ನೆಟ್ ಹೋಗಿ, ರೆಡ್ ಅಲರ್ಟ್ ರಜೆ ಅಂತ ಮನೆಯಲ್ಲೇ ಇದ್ದ ಮಗಳು ಹಸಿವು ಅಂತ ಅಳುತ್ತಾ, ನಾನು ಸಿಗ್ನಲ್ ಹುಡುಕುತ್ತಾ ಜಗಲಿಯಿಂದ ಅಂಗಳಕ್ಕೆ ಓಡಿದ್ದು ಈಗಲೂ ನೆನಪಿದೆ.

ಈ ಸಲ 12 ವೋಲ್ಟಿನ ರೌಟರ್ ಯುಪಿಎಸ್ ತಂದೆ. ಅಂಗೈಯಷ್ಟೇ ಇದೆ, ಒಳಗೆ ಲಿಥಿಯಂ ಬ್ಯಾಟರಿ. ಕರೆಂಟು ಹೋದರೂ ರೌಟರ್ ಆಫ್ ಆಗುವುದಿಲ್ಲ, ನಮ್ಮಲ್ಲಿ ಸುಮಾರು 3 ಗಂಟೆ ಬರುತ್ತದೆ. ತೆಗೆದುಕೊಳ್ಳುವ ಮೊದಲು ನಿಮ್ಮ ರೌಟರಿನ ಅಡಾಪ್ಟರಿನ ಮೇಲೆ ವೋಲ್ಟ್, ಆಂಪಿಯರ್ ಎಷ್ಟಿದೆ ನೋಡಿಕೊಳ್ಳಿ, ಯುಪಿಎಸ್ ಅದಕ್ಕೆ ಹೊಂದಬೇಕು. ಫೈಬರಿನ ಡಬ್ಬಿ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಕನೆಕ್ಷನ್ ಕೊಡಬೇಕು, ಒಂದಕ್ಕೆ ಕೊಟ್ಟರೆ ನೆಟ್ ಬರುವುದಿಲ್ಲ. ವಯರು ಗಿಡ್ಡ, ಅದೊಂದು ಬೇಜಾರು.

ಈಗ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಸಂಜೆ 5ಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಮಗಳ ಜೊತೆ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಿನ್ನುತ್ತಾ ಮಳೆ ನೋಡುತ್ತೇನೆ. ಕಳೆದ ವರ್ಷವೂ ಡಬ್ಬಿ ತುಂಬ ಹಪ್ಪಳ ಇತ್ತು, ತಿನ್ನಲಿಕ್ಕೆ ಹೊತ್ತೇ ಇರಲಿಲ್ಲ.