ಇಬ್ಬರ ಮನೆಗೆ ರವೆ ಇಡ್ಲಿ: ಮಾವಳ್ಳಿಯದು, ಪೊಟ್ಟಣದ್ದು, ಮನೆಯದು

ಮುರಿದು ನೋಡಿದರೆ ರವೆ ಇಡ್ಲಿಯ ಜಾತಕವೆಲ್ಲ ತಿಳಿಯುತ್ತದೆ. ಚಮಚದ ಅಂಚಿನಿಂದ ಒತ್ತಿದಾಗ ಮೆತ್ತಗೆ ಬಿರಿಯಬೇಕು. ಬಿರಿದ ಕಡೆ ರವೆಯ ಕಾಳು ಬಿಡಿಬಿಡಿಯಾಗಿ ಕಾಣಬೇಕು, ನಡುನಡುವೆ ಸಾಸಿವೆಯಷ್ಟು ಸಣ್ಣ ತೂತುಗಳಿರಬೇಕು. ಚಮಚಕ್ಕೆ ಅಂಟಿದರೆ ರವೆ ಹುರಿದದ್ದು ಸಾಲದು. ಉದುರುದುರಾಗಿ ಚೆಲ್ಲಿದರೆ ಹಿಟ್ಟು ಗಟ್ಟಿಯಾಗಿತ್ತು. ನಾಲಗೆಯ ಮೇಲೆ ಸೋಪಿನಂಥ ರುಚಿ ನಿಂತರೆ ಸೋಡ ಹೆಚ್ಚಾಗಿದೆ, ಇಲ್ಲವೇ ಮೊಸರು ಹುಳಿ ಬಂದಿರಲಿಲ್ಲ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮಿನ (ಎಂಟಿಆರ್) ಇಡ್ಲಿ ಈ ಮೂರೂ ಪರೀಕ್ಷೆಗಳಲ್ಲಿ ಪಾಸು. ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಹೋಟೆಲಿನದು, ಪೊಟ್ಟಣದ್ದು, ಮನೆಯದು ಮೂರನ್ನೂ ಇಲ್ಲಿ ತೂಗಿದ್ದೇವೆ.

ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಅಕ್ಕಿ ಇಡ್ಲಿ ಸುಲಭದ ತಿಂಡಿಯಲ್ಲ. ಎರಡು ಲೀಟರಿನ ಗ್ರೈಂಡರಿಗೆ ಅರ್ಧ ಲೋಟ ಉದ್ದಿನಬೇಳೆ ಹಾಕಿದರೆ ಅದು ಕಲ್ಲಿಗೆ ಸಿಗದೆ ಪಾತ್ರೆಯ ಬದಿಗೆ ಹತ್ತಿಕೊಂಡು ಕೂರುತ್ತದೆ. ಹೆಚ್ಚು ರುಬ್ಬಿಟ್ಟರೆ ಎರಡನೇ ದಿನ ದೋಸೆ, ಮೂರನೇ ದಿನ ಪಡ್ಡು, ನಾಲ್ಕನೇ ದಿನ ಹುಳಿ ಹಿಟ್ಟಿಗೆ ಏನು ಮಾಡುವುದೆಂಬ ಯೋಚನೆ. ರವೆ ಇಡ್ಲಿಗೆ ನೆನೆಸುವುದಿಲ್ಲ, ರುಬ್ಬುವುದಿಲ್ಲ, ರಾತ್ರಿಯಿಡೀ ಹುದುಗಿಸುವುದಿಲ್ಲ. ಒಂದು ಲೋಟ ರವೆಗೆ ಎಂಟು ಇಡ್ಲಿ, ತಲೆಗೆ ನಾಲ್ಕು, ಅಲ್ಲಿಗೆ ಮುಗಿಯಿತು. ಹೋಟೆಲ್ ತಿಂಡಿಗಳ ಪೈಕಿ ಮನೆಯಲ್ಲಿ ಹೋಟೆಲಿನ ಮಟ್ಟಕ್ಕೆ ಏರಿಸಬಹುದಾದದ್ದು ಯಾವುದು ಎಂದು ಕೇಳಿದರೆ ನಮ್ಮ ಉತ್ತರ ರವೆ ಇಡ್ಲಿ. ಮಸಾಲೆ ದೋಸೆ ಖಂಡಿತ ಅಲ್ಲ. ಗ್ಯಾಸ್ ಒಲೆಯ ಮೇಲಿನ ಸಣ್ಣ ಕಾವಲಿಗೆ ಹೋಟೆಲಿನ ದಪ್ಪ ಕಾವಲಿಯ ಕಾವು ಬರುವುದೇ ಇಲ್ಲ.

ಹುಟ್ಟಿದ್ದೇ ಅಭಾವದಲ್ಲಿ ಎಂಬುದು ಈ ತಿಂಡಿಯ ವಿಶೇಷ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿ ಸಿಗದ ಆ ದಿನಗಳಲ್ಲಿ ಗೋಧಿ ರವೆಯಿಂದ ಇಡ್ಲಿ ಮಾಡಿ ನೋಡಿದ್ದು ತಾವೇ ಎನ್ನುತ್ತಾರೆ ಎಂಟಿಆರ್‌ನವರು. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ತೆರೆದ ಹೋಟೆಲು ಅದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಅಚ್ಚುಕಟ್ಟನ್ನು ನೋಡಿ ಬಂದ ಮೇಲೆ ಅಡುಗೆಮನೆಯ ಶುಚಿಗೆ ಹೊಸ ಶಿಸ್ತು ಬಂತು. ಈಗಿನ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದದ್ದು 1960ರಲ್ಲಿ.

ಹೋಟೆಲಿನಲ್ಲಿ ಒಂದು ತಟ್ಟೆಗೆ ಒಂದೇ ಇಡ್ಲಿ, ಮನೆಯ ತಟ್ಟೆಯದಕ್ಕಿಂತ ದೊಡ್ಡದು. ಮೇಲೆ ಗೋಡಂಬಿ ಕೂತಿರುತ್ತದೆ. ಜೊತೆಗೆ ಆಲೂಗಡ್ಡೆ ಸಾಗು, ಹಸಿರು ಚಟ್ನಿ, ಪುಟ್ಟ ಬಟ್ಟಲಲ್ಲಿ ಕಾಯಿಸಿದ ತುಪ್ಪ. ಹೆಚ್ಚಿನವರು ಎಡವುವುದು ಈ ತುಪ್ಪದಲ್ಲೇ. ಸಾಗುವಿಗೆ ಕಲಸಿಬಿಟ್ಟರೆ ಅದರ ಪರಿಮಳ ಮಸಾಲೆಯಲ್ಲಿ ಮುಳುಗಿಹೋಗುತ್ತದೆ. ಇಡ್ಲಿಯನ್ನು ನಡುವೆ ಮುರಿದು, ಬಿಸಿ ಹಬೆ ಏಳುವಾಗಲೇ ಆ ಬಿರುಕಿನೊಳಗೆ ಸುರಿಯಬೇಕು. ರವೆ ಅದನ್ನು ಹೀರಿಕೊಳ್ಳಲು ಅರ್ಧ ನಿಮಿಷ ಸಾಕು. ಮೊದಲ ತುತ್ತನ್ನು ಸಾಗು ಮುಟ್ಟಿಸದೆ ತಿಂದು ನೋಡಿ, ಹುರಿದ ರವೆಯ ಘಮ ಆಗಲೇ ಸಿಗುವುದು.

ಇಬ್ಬರು ಹೋದರೆ ಏನು ಹೇಳಬೇಕೆಂಬುದಕ್ಕೂ ಲೆಕ್ಕವಿದೆ. ಒಂದೊಂದು ರವೆ ಇಡ್ಲಿ, ನಡುವೆ ಒಂದು ಮಸಾಲೆ ದೋಸೆ, ಕೊನೆಗೆ ಎರಡು ಕಾಫಿ. ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. ದೋಸೆ ಮೊದಲೇ ಬಂದರೆ ಇಡ್ಲಿ ಮುಗಿಸುವಷ್ಟರಲ್ಲಿ ಮೆತ್ತಗಾಗುತ್ತದೆ. ಇಡ್ಲಿ ಅರ್ಧವಾದಾಗ ದೋಸೆ ಹೇಳಿ. ದೋಸೆಗೂ ಬೇರೆ ತುಪ್ಪ ಬರುತ್ತದೆ, ಹೀಗಾಗಿ ಇದು ಹಗುರದ ತಿಂಡಿಯಲ್ಲ. ಮಧ್ಯಾಹ್ನದ ಊಟ ಹಿಂದಕ್ಕೆ ಹೋಗುವುದು ಖಂಡಿತ. ಶನಿವಾರ, ಭಾನುವಾರ ಹೆಸರು ಹೇಳಿ ಕಾಯುವುದು ತಪ್ಪದು, ಜನವರಿ ಮತ್ತು ಆಗಸ್ಟಿನಲ್ಲಿ ಲಾಲ್‌ಬಾಗ್ ತೋಟದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಂತೂ ಇನ್ನೂ ಹೆಚ್ಚು. ಕೆಲಸದ ದಿನ ಬೆಳಗ್ಗೆ 8 ಗಂಟೆಯೊಳಗೆ, ಲಾಲ್‌ಬಾಗಿನಲ್ಲಿ ಒಂದು ಸುತ್ತು ನಡೆದು ಹೋದರೆ ಹಸಿವೂ ಇರುತ್ತದೆ, ಜಾಗವೂ ಬೇಗ ಸಿಗುತ್ತದೆ. ನಾಲ್ವರ ಮೇಜಿಗೆ ಇನ್ನಿಬ್ಬರು ಬಂದು ಕೂರುವುದು ಅಲ್ಲಿನ ವಾಡಿಕೆ. ಇಬ್ಬರೇ ಕೂತು ಗಂಟೆಗಟ್ಟಲೆ ಮಾತಾಡಲು ಬೇರೆ ಜಾಗ ನೋಡಿಕೊಳ್ಳಿ. ಇಲ್ಲಿಗೆ ಬರುವುದು ತಿನ್ನಲಿಕ್ಕೆ.

ಪೊಟ್ಟಣದ ರವೆ ಇಡ್ಲಿಗೂ ಈ ಹೋಟೆಲಿಗೂ ಹಳೆಯ ನಂಟು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಹೊತ್ತಿಗೆ, ಹೋಟೆಲ್ ತಿಂಡಿಯನ್ನು ತೀರ ಕಡಿಮೆ ದರಕ್ಕೆ ಮಾರಬೇಕೆಂಬ ನಿಯಮ ಬಂತು. ಆ ದರದಲ್ಲಿ ಗುಣಮಟ್ಟ ಉಳಿಸುವುದು ಕಷ್ಟವಾದಾಗ ಮಯ್ಯರ ಮನೆತನ ದಿಢೀರ್ ತಿಂಡಿಗಳ ಪೊಟ್ಟಣದತ್ತ ತಿರುಗಿತು. ಆ ಪೊಟ್ಟಣದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು, ಹೋಟೆಲು ಮನೆತನದಲ್ಲೇ ಉಳಿಯಿತು. ಹಾಗಾಗಿ ಅಂಗಡಿಯಲ್ಲಿ ಅದೇ ಹೆಸರು ಕಂಡ ಮಾತ್ರಕ್ಕೆ ಅದೇ ಅಡುಗೆಮನೆಯ ಹಿಟ್ಟು ಎಂದುಕೊಳ್ಳಬೇಕಿಲ್ಲ.

ಯಾವ ಕಂಪನಿಯದೇ ಆಗಲಿ, ಪೊಟ್ಟಣದ ಹಿಟ್ಟಿಗೆ ಎರಡು ಮಿತಿಗಳಿವೆ. ಸೋಡ ಮೊದಲೇ ಬೆರೆತಿರುವುದರಿಂದ ಒಮ್ಮೆ ಬಾಯಿ ತೆರೆದ ಮೇಲೆ ಗಾಳಿಯ ತೇವಕ್ಕೆ ಅದರ ಕಸುವು ಇಳಿಯುತ್ತ ಹೋಗುತ್ತದೆ. ಇಬ್ಬರೇ ಇರುವ ಮನೆಯಲ್ಲಿ ಅರ್ಧ ಕಿಲೋ ಪೊಟ್ಟಣ ಮೂರು ನಾಲ್ಕು ಸಲಕ್ಕೆ ಬರುತ್ತದೆ, ಕೊನೆಯ ಸಲದ ಇಡ್ಲಿ ಮೊದಲಿನಷ್ಟು ಉಬ್ಬುವುದಿಲ್ಲ. ಹಾಗಾಗಿ ಸಣ್ಣ ಪೊಟ್ಟಣವನ್ನೇ ತನ್ನಿ, ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಇನ್ನೊಂದು ಮಿತಿ ಉಪ್ಪು ಖಾರದ್ದು. ಅದು ಅವರ ಅಳತೆಯದು, ನಿಮ್ಮದಲ್ಲ. ಮೇಲೆ ಮತ್ತೆ ಉಪ್ಪಾಗಲಿ ಸೋಡವಾಗಲಿ ಸೇರಿಸಬೇಡಿ, ಚಟ್ನಿಗೂ ಸ್ವಲ್ಪ ಕಡಿಮೆಯೇ ಹಾಕಿ. ಒಂದು ಚಮಚ ತುಪ್ಪದಲ್ಲಿ ಗೋಡಂಬಿ, ಕರಿಬೇವು ಹುರಿದು ಮೇಲೆ ಬೆರೆಸಿದರೆ ರುಚಿ ಎರಡು ಮೆಟ್ಟಿಲು ಮೇಲೇರುತ್ತದೆ. ತಡವಾಗಿ ಎದ್ದ ದಿನಕ್ಕೆ, ಪರದೇಶದಲ್ಲಿ ಒಳ್ಳೆಯ ರವೆ ಸಿಗದ ಕಡೆಗೆ ಪೊಟ್ಟಣ ನಿಜಕ್ಕೂ ಉಪಯೋಗದ ವಸ್ತು. ಉಳಿದ ದಿನಗಳಿಗೆ ಮನೆಯ ಹಿಟ್ಟೇ ಮೇಲು.

ಮನೆಯದು ಕೆಡುವುದು ಬಹಳ ಸಲ ಅಂಗಡಿಯಲ್ಲೇ. ರವೆ ಇಡ್ಲಿ ಎಂಬ ಹೆಸರು ಕೇಳಿ ಇಡ್ಲಿ ರವೆ ತಂದುಬಿಡುತ್ತಾರೆ. ಇಡ್ಲಿ ರವೆ ಅಕ್ಕಿಯದು. ಅದಕ್ಕೆ ಉದ್ದಿನ ಹಿಟ್ಟು ಬೇಕು, ಹುದುಗುವುದೂ ಬೇಕು. ನಮಗೆ ಬೇಕಾದದ್ದು ಗೋಧಿಯ ಬಾಂಬೆ ರವೆ, ಉಪ್ಪಿಟ್ಟಿಗೆ ಹಾಕುವಂಥದ್ದು. ಚಿರೋಟಿ ರವೆ ತೀರ ನಯ, ಬೆಂದಾಗ ಹಲ್ವದಂತೆ ಮುದ್ದೆಯಾಗುತ್ತದೆ. ಬನ್ಸಿ ರವೆ ದಪ್ಪ, ಇಪ್ಪತ್ತು ನಿಮಿಷ ನೆನೆದರೂ ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ.

ಒಂದು ಲೋಟ ರವೆ, ಅಂದರೆ ಸುಮಾರು 170 ಗ್ರಾಂ. ದಪ್ಪ ತಳದ ಬಾಣಲೆಯಲ್ಲಿ ಒಂದೂವರೆ ದೊಡ್ಡ ಚಮಚ ತುಪ್ಪ ಕಾಯಿಸಿ ಎಂಟು ಗೋಡಂಬಿ ಹೋಳುಗಳನ್ನು ಹುರಿದು ತೆಗೆದಿಡಿ. ಅದೇ ತುಪ್ಪಕ್ಕೆ ಅರ್ಧ ಚಮಚ ಸಾಸಿವೆ, ಒಂದು ಚಮಚ ಕಡಲೆಬೇಳೆ, ಅರ್ಧ ಚಮಚ ಉದ್ದಿನಬೇಳೆ. ಬೇಳೆ ಕೆಂಪಾದ ಮೇಲೆ ಸಣ್ಣಗೆ ಹೆಚ್ಚಿದ ಎರಡು ಹಸಿಮೆಣಸು, ಅರ್ಧ ಇಂಚು ಶುಂಠಿ, ಒಂದು ಎಸಳು ಕರಿಬೇವು. ಆಮೇಲೆ ರವೆ ಸುರಿದು ಸಣ್ಣ ಉರಿಯಲ್ಲಿ ಆರರಿಂದ ಎಂಟು ನಿಮಿಷ ಕೈ ಬಿಡದೆ ಹುರಿಯಿರಿ. ಬಣ್ಣ ನೋಡಿ ಇಳಿಸಬಾರದು. ಬಣ್ಣ ತಿರುಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಸೌಟಿನಿಂದ ಎತ್ತಿ ಬಿಟ್ಟಾಗ ಒಣ ಮರಳಿನಂತೆ ಸರಸರ ಜಾರಬೇಕು, ಹಸಿ ಹಿಟ್ಟಿನ ವಾಸನೆ ಹೋಗಿ ಬಿಸ್ಕತ್ತಿನ ಘಮ ಬರಬೇಕು. ಹುರಿದಾಗ ಗೋಧಿಯ ಅಂಟಿನ ಅಂಶ ಕುಗ್ಗುತ್ತದೆ, ಕಾಳು ಬಿಡಿಬಿಡಿಯಾಗಿ ಉಳಿಯಲು ಕಾರಣ ಅದೇ. ಈ ಎಂಟು ನಿಮಿಷಕ್ಕೆ ಬೇಸರ ಪಟ್ಟವರ ಇಡ್ಲಿಯೇ ಚಮಚಕ್ಕೆ ಮೆತ್ತಿಕೊಳ್ಳುವುದು.

ಹುರಿದ ರವೆ ಪೂರ್ತಿ ಆರಲಿ. ಬಿಸಿಯಿದ್ದಾಗಲೇ ಮೊಸರು ಸುರಿದರೆ ಮೊಸರು ಒಡೆದು ನೀರು ಬೇರೆ, ಗಟ್ಟಿ ಬೇರೆ ಆಗುತ್ತದೆ. ತಟ್ಟೆಗೆ ಹರಡಿದರೆ ಕಾಲು ಗಂಟೆ ಸಾಕು. ಮೊಸರು ಒಂದು ಲೋಟ, ನಿನ್ನೆಯದು, ಸ್ವಲ್ಪ ಹುಳಿ ತಿರುಗಿದ್ದು. ಮುಕ್ಕಾಲು ಚಮಚ ಉಪ್ಪು, ಒಂದು ಹಿಡಿ ಕೊತ್ತಂಬರಿ ಸೊಪ್ಪು ಬೆರೆಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ತೆರೆದು ನೋಡಿದರೆ ರವೆ ಮೊಸರನ್ನೆಲ್ಲ ಕುಡಿದು ಉಪ್ಪಿಟ್ಟಿನಂತೆ ಗಟ್ಟಿಯಾಗಿರುತ್ತದೆ. ಕಾಲು ಲೋಟದಿಂದ ಅರ್ಧ ಲೋಟದವರೆಗೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸೌಟು ಓರೆ ಮಾಡಿದಾಗ ಹಿಟ್ಟು ಧಾರೆಯಾಗಿ ಹರಿಯಬಾರದು, ದೊಪ್ಪೆಂದು ಮುದ್ದೆಯಾಗಿಯೂ ಬೀಳಬಾರದು; ತುಂಡು ತುಂಡಾಗಿ ಜಾರಬೇಕು.

ಸೋಡಕ್ಕೆ ಮುಂಚೆ ಕುಕ್ಕರಿನಲ್ಲಿ ನೀರು ಕುದಿಯುತ್ತಿರಬೇಕು, ತಟ್ಟೆಗೆ ತುಪ್ಪ ಸವರಿರಬೇಕು, ಗುಳಿಗೊಂದು ಗೋಡಂಬಿ ಇಟ್ಟಿರಬೇಕು. ಏಕೆಂದರೆ ಸೋಡ ಮೊಸರಿನ ಹುಳಿಗೆ ತಾಗಿದ ಕ್ಷಣದಿಂದಲೇ ಗಾಳಿ ಏಳುತ್ತದೆ. ಹಿಟ್ಟು ನಿಮ್ಮ ಕಣ್ಣೆದುರೇ ನೊರೆಗಟ್ಟಿ ಮೇಲೇರುತ್ತದೆ, ಐದಾರು ನಿಮಿಷ ಬಿಟ್ಟರೆ ಮತ್ತೆ ಕುಸಿಯುತ್ತದೆ. ಕಾಲು ಚಮಚ ಅಡುಗೆ ಸೋಡ, ಬೆರಳಿನಿಂದ ಸಮ ಮಾಡಿದ್ದು, ಒಂದು ಚಮಚ ನೀರಿನಲ್ಲಿ ಕದಡಿ ಹಾಕಿ. ಪುಡಿಯಾಗಿಯೇ ಉದುರಿಸಿದರೆ ಕೆಲವು ಕಡೆ ಗಂಟು ಉಳಿದು ಇಡ್ಲಿಯ ಮೇಲೆ ಕಂದು ಚುಕ್ಕೆಗಳಾಗುತ್ತವೆ. ಹತ್ತು ಸಲ ಮೃದುವಾಗಿ ತಿರುವಿ, ಅಷ್ಟೇ. ಜೋರಾಗಿ ಕಲಸಿದರೆ ಎದ್ದ ಗಾಳಿಯೆಲ್ಲ ಹೊರಗೆ ಹೋಗುತ್ತದೆ. ಮೊಸರು ಸಿಹಿಯಿದ್ದರೆ ಸೋಡದ ಬದಲು ಮುಕ್ಕಾಲು ಚಮಚ ಈನೋ ಒಳ್ಳೆಯದು. ಅದರಲ್ಲಿ ಹುಳಿಯ ಅಂಶವೂ ಇರುವುದರಿಂದ ಮೊಸರನ್ನು ನೆಚ್ಚಿಕೊಳ್ಳಬೇಕಿಲ್ಲ. ಆದರೆ ರುಚಿಯಲ್ಲಿ ಹುಳಿ ಮೊಸರು ಮತ್ತು ಸೋಡದ ಜೋಡಿಯೇ ಗೆಲ್ಲುತ್ತದೆ.

ಕುಕ್ಕರಿಗೆ ತೂಕ ಹಾಕಬೇಡಿ. ಮಧ್ಯಮ ಉರಿಗಿಂತ ತುಸು ಹೆಚ್ಚಿನಲ್ಲಿ 12 ನಿಮಿಷ. ಹೋಟೆಲಿನಷ್ಟು ದೊಡ್ಡದು ಬೇಕಿದ್ದರೆ ಸಣ್ಣ ಸ್ಟೀಲ್ ಬಟ್ಟಲುಗಳಲ್ಲಿ ಮುಕ್ಕಾಲು ಭಾಗ ತುಂಬಿ 15 ನಿಮಿಷ ಬೇಯಿಸಿ, ಇದೇ ಹಿಟ್ಟಿಗೆ ನಾಲ್ಕಾಗುತ್ತದೆ. ಮುಚ್ಚಳ ಚಪ್ಪಟೆಯಿದ್ದರೆ ಅದರ ನೀರು ತೊಟ್ಟಿಕ್ಕಿ ಇಡ್ಲಿಯ ತಲೆ ತೊಯ್ದುಬಿಡುತ್ತದೆ, ಒಳಗಿನಿಂದ ಒಂದು ಬಟ್ಟೆ ಕಟ್ಟಿ. ಇಳಿಸಿದ ಕೂಡಲೇ ಕೀಳಬೇಡಿ. ಮೂರು ನಾಲ್ಕು ನಿಮಿಷ ಆರಿದ ಮೇಲೆ ಒದ್ದೆ ಚಮಚ ತೂರಿಸಿದರೆ ತಳ ಹರಿಯದೆ ಬರುತ್ತದೆ.

ಇಡ್ಲಿ ಬೇಯುವಷ್ಟರಲ್ಲಿ ಸಾಗು ಮುಗಿಯಬೇಕಾದರೆ ಎರಡು ಮಧ್ಯಮ ಆಲೂಗಡ್ಡೆಗಳನ್ನು ಮೊದಲೇ ಬೇಯಿಸಿಟ್ಟಿರಿ. ಮೂರು ದೊಡ್ಡ ಚಮಚ ಕಾಯಿತುರಿ, ಒಂದು ಚಮಚ ಹುರಿಗಡಲೆ, ಅರ್ಧ ಚಮಚ ಕೊತ್ತಂಬರಿ ಬೀಜ, ಎರಡು ಹಸಿಮೆಣಸು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಉಗುರಿನಷ್ಟು ಚಕ್ಕೆ ನುಣ್ಣಗೆ ರುಬ್ಬಿ. ಒಗ್ಗರಣೆಗೆ ಆಲೂಗಡ್ಡೆ, ಅರಿಶಿನ, ಉಪ್ಪು, ಈ ಮಸಾಲೆ, ಒಂದೂವರೆ ಲೋಟ ನೀರು ಹಾಕಿ ಐದು ನಿಮಿಷ ಕುದಿಸಿ. ಆಲೂಗಡ್ಡೆಯನ್ನು ಕೈಯಲ್ಲಿ ಒರಟಾಗಿ ಪುಡಿ ಮಾಡಿ ಹಾಕಿದರೆ ಸಾಗು ತಾನಾಗಿಯೇ ದಪ್ಪವಾಗುತ್ತದೆ. ಹುರಿಗಡಲೆ ಹೆಚ್ಚಿದರೆ ಆರಿದಾಗ ಅಂಬಲಿಯಂತೆ ಗಟ್ಟಿಯಾಗುವುದರಿಂದ, ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ.

ತೂಕ ಹಾಕಿ ನೋಡಿದರೆ ಇಡ್ಲಿಯಲ್ಲಿ ಮನೆ ಹೋಟೆಲಿಗೆ ಸಮ, ತುಪ್ಪದಲ್ಲಿ ಒಂದು ಕೈ ಮೇಲೆಂದರೂ ತಪ್ಪಲ್ಲ, ಏಕೆಂದರೆ ಬೆಣ್ಣೆ ಕಾಯಿಸುವುದು ನಿಮ್ಮ ಕೈಯಲ್ಲೇ ಇದೆ. ದೋಸೆಯಲ್ಲೂ ಕಾಫಿಯಲ್ಲೂ ಮಾವಳ್ಳಿಯದೇ ಗೆಲುವು. ತಿಂಗಳಿಗೊಮ್ಮೆ ಅಲ್ಲಿಗೆ, ವಾರಕ್ಕೊಮ್ಮೆ ಮನೆಯಲ್ಲಿ, ಕಪಾಟಿನಲ್ಲಿ ಒಂದು ಸಣ್ಣ ಪೊಟ್ಟಣ ಎಂಬುದು ಇಬ್ಬರ ಮನೆಗೆ ಸರಿಯಾದ ಲೆಕ್ಕ.

ಎಂಟರಲ್ಲಿ ಎರಡು ಉಳಿದರೆ ಹಾಗೇ ತಿನ್ನಬೇಡಿ, ಆರಿದ ರವೆ ಬಿಗಿದು ಗಟ್ಟಿಯಾಗಿರುತ್ತದೆ. ಮೂರು ನಿಮಿಷ ಮತ್ತೆ ಹಬೆಗೆ ಹಿಡಿದರೆ ಮೊದಲಿನಂತಾಗುತ್ತದೆ. ಇಲ್ಲವೇ ಬೆರಳು ದಪ್ಪಕ್ಕೆ ಕೊಯ್ದು, ಕಾವಲಿಯ ಮೇಲೆ ತುಪ್ಪ ಹಾಕಿ ಎರಡೂ ಬದಿ ಕೆಂಪಗೆ ಸುಟ್ಟು, ಚಟ್ನಿಪುಡಿ ಉದುರಿಸಿ ಸಂಜೆ ಕಾಫಿಯ ಹೊತ್ತಿಗೆ ತಿನ್ನಿ.