ಬೇಲೂರಿನ ಕತ್ತಲೆಗೊಂದು, ಭದ್ರೆಯ ಹಕ್ಕಿಗೊಂದು: ಯಾವ ಬಜೆಟ್ಟಿಗೆ ಯಾವ ಲೆನ್ಸ್?

ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸ್ ಸಾಕಾಗ್ತಿಲ್ಲ, ಮುಂದೇನು ತಗೊಳ್ಳಲಿ ಅಂತ ಕೇಳಿದರೆ ಎಲ್ಲರೂ ಕಣ್ಣು ಮುಚ್ಚಿ ಹೇಳುವುದು 50 ಎಂಎಂ ಎಫ್/1.8. ಎಂಎಂ ಸಂಖ್ಯೆ ಚಿಕ್ಕದಾದಷ್ಟು ನೋಟ ಅಗಲ, ದೊಡ್ಡದಾದಷ್ಟು ದೂರದ್ದು ಹತ್ತಿರ; ಎಫ್ ಸಂಖ್ಯೆ ಚಿಕ್ಕದಾದಷ್ಟು ಒಳಬರುವ ಬೆಳಕು ಜಾಸ್ತಿ. ಹಾಸನ, ಚಿಕ್ಕಮಗಳೂರು ಕಡೆ ತಿರುಗಾಡಿ ಫೋಟೊ ತೆಗೆಯುವವರಿಗೆ ನಾನು ಹೇಳುವುದು ದೂರದ್ದನ್ನು ಹತ್ತಿರ ತರುವ 55-250 ಜೂಮ್ ಲೆನ್ಸ್. ನನ್ನದು ಕೆನಾನ್ ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನದು.

ಮೊದಲು ಹತ್ತು ಸಾವಿರದ ಆಸುಪಾಸಿನ 50. ಬೇಲೂರು ಚೆನ್ನಕೇಶವ ದೇವಸ್ಥಾನದ ನವರಂಗದಲ್ಲಿ, ಅಂದರೆ ಒಳಗಿನ ಕಂಬಗಳ ಮಂಟಪದಲ್ಲಿ, ಬೆಳಕು ತೀರಾ ಕಮ್ಮಿ. ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕಿಟ್ ಲೆನ್ಸನ್ನು 50ಕ್ಕೆ ತಿರುಗಿಸಿದರೆ ಎಫ್/5.6, ಶಟರ್ ವೇಗ 1/8 ಸೆಕೆಂಡಿಗೆ ಇಳಿಯುತ್ತದೆ ಅಂದುಕೊಳ್ಳಿ; ಅಷ್ಟು ನಿಧಾನವಾದರೆ ಕೈ ಅಲುಗಿದರೂ ಚಿತ್ರ ಮಸುಕು. ಅದೇ ಜಾಗದಲ್ಲಿ ಎಫ್/1.8 ನಿಮಗೆ 1/80 ಕೊಡುತ್ತದೆ. ದೊಡ್ಡ ವ್ಯತ್ಯಾಸವೇ. ಆದರೆ ಕಲ್ಲಿನ ಕಂಬ ಎಲ್ಲಿಗೂ ಓಡಿಹೋಗಲ್ಲ ಅಲ್ವಾ? ಕಿಟ್ ಲೆನ್ಸಿನಲ್ಲಿ ಕೈನಡುಕ ತಡೆಯುವ ಐಎಸ್ ಇದೆ. 18ರಲ್ಲಿಟ್ಟು ಉಸಿರು ಬಿಗಿಹಿಡಿದು 1/10ರಲ್ಲಿ ತೆಗೆದರೂ ಕಂಬದ ಅಂಚುಗಳು ಚೂಪಾಗಿ ಬರುತ್ತವೆ. 50ರಲ್ಲಿ ಐಎಸ್ ಇಲ್ಲ. ಕ್ರಾಪ್ ಸೆನ್ಸರಿನಲ್ಲಿ ಅದರ ನೋಟ 80 ಎಂಎಂನಷ್ಟು ಇಕ್ಕಟ್ಟು ಬೇರೆ. ಬೆನ್ನು ಹಿಂದಿನ ಕಂಬಕ್ಕೆ ತಾಗುವವರೆಗೆ ಸರಿದರೂ ಎದುರಿನ ಕಂಬ ಪೂರ್ತಿ ಹಿಡಿಸುವುದಿಲ್ಲ. 50 ಗೆಲ್ಲುವುದು ಮುಖಗಳಲ್ಲಿ: ಮನೆಯೊಳಗಿನ ನಾಮಕರಣ, ಮುಸ್ಸಂಜೆ ಜಗಲಿಯಲ್ಲಿ ಕೂತ ಅಜ್ಜಿ. ನೀವು ತೆಗೆಯುವುದು ಮನೆಯವರನ್ನೇ ಜಾಸ್ತಿ ಅಂದರೆ ಅದನ್ನೇ ತಗೊಳ್ಳಿ.

ಈಗ ದೇವಸ್ಥಾನದ ಹೊರಗೆ ಬನ್ನಿ. ಮದನಿಕೆಯರು ಇರುವುದು ಸೂರಿನ ಕೆಳಗೆ, ಕತ್ತೆತ್ತಿ ನೋಡುವ ಎತ್ತರದಲ್ಲಿ. 55-250 ಲೆನ್ಸನ್ನು 250ಕ್ಕೆ ತಿರುಗಿಸಿದರೆ ಒಬ್ಬಳ ತಲೆಯ ಮೇಲಿನ ಬಳ್ಳಿಯಲ್ಲಿ ಹಣ್ಣು, ಹಣ್ಣಿನ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ, ಎಲ್ಲವೂ ಕಣ್ಣೆದುರೇ. 50ರಲ್ಲಿ ತೆಗೆದು ಆಮೇಲೆ ಚಿತ್ರ ಕತ್ತರಿಸಿ ಹಿಗ್ಗಿಸಿದರೆ ಆ ಹಲ್ಲಿ ಬರೀ ಮಸಿಬೊಟ್ಟು. ಈ ಲೆನ್ಸಿನ ಎಸ್‌ಟಿಎಂ ಅನ್ನುವ ಮಾದರಿಯ ತೂಕ 375 ಗ್ರಾಂ ಅಷ್ಟೇ, ಮುಳ್ಳಯ್ಯನಗಿರಿ ಮೆಟ್ಟಿಲು ಹತ್ತುವಾಗ ಭಾರ ಅನ್ನಿಸಲ್ಲ. 85 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ. ಹೂಮಳೆ ಬಿದ್ದು ಕಾಫಿ ಅರಳಿದಾಗ ಒಂದು ಗೊಂಚಲು ಚೌಕಟ್ಟಿನ ತುಂಬ ಚೆನ್ನಾಗಿ ಕೂರುತ್ತದೆ. ಸೋಲುವುದು ತೋಟದ ನೆರಳಿನಲ್ಲಿ. ಐಎಸ್‌ಒ, ಅಂದರೆ ಕಮ್ಮಿ ಬೆಳಕಿಗೆ ಹೊಂದಿಸುವ ಸಂಖ್ಯೆಯನ್ನು, 3200ಕ್ಕೆ ಏರಿಸಿದರೂ ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿ ಮಸುಕು. ಐಎಸ್ ನಿಮ್ಮ ಕೈಯನ್ನು ಹಿಡಿಯುತ್ತದೆ, ಹಕ್ಕಿಯನ್ನಲ್ಲ.

ಹಕ್ಕಿ ಹುಚ್ಚಿದ್ದರೆ ಸಿಗ್ಮಾ ಅಥವಾ ಟ್ಯಾಮ್ರಾನ್ 150-600. ಬೆಲೆ ಲಕ್ಷದ ಆಸುಪಾಸು, ತೂಕ ಸುಮಾರು ಎರಡು ಕೆಜಿ. ಭದ್ರಾ ಅಣೆಕಟ್ಟಿನ ಲಕ್ಕವಳ್ಳಿ ಹಿನ್ನೀರಿನ ದೋಣಿಯಲ್ಲಿ ರಿವರ್ ಟರ್ನ್ ಅನ್ನುವ ನೀರಹಕ್ಕಿಯ ಹಿಂದೆ ಬಿದ್ದರೆ 250 ಏನೇನೂ ಸಾಲದು, ಇದು ಬೇಕೇ ಬೇಕು. ಆದರೆ ಆ ಹಕ್ಕಿಗಳು ಮರಿ ಮಾಡುವುದು ಬೇಸಿಗೆಯಲ್ಲಿ, ನೀರಿಳಿದು ನಡುಗಡ್ಡೆ ಮೇಲೆದ್ದಾಗ. ಆ ಕೆಲವು ವಾರಕ್ಕೆ ಬಾಡಿಗೆಗೆ ತಂದರೆ ಸಾಕು. ಕೊಂಡರೆ ಮಳೆಗಾಲ ಪೂರ್ತಿ ಅದು ಬೀರುವಿನಲ್ಲೇ, ನಮ್ಮ ಥಂಡಿಗೆ ಗಾಜಿಗೆ ಬೂಷ್ಟು ಹಿಡಿಯಲು ಅಷ್ಟೇ ಸಾಕು.

ಸೆಕೆಂಡ್ ಹ್ಯಾಂಡ್ 55-250 ಅರ್ಧ ಬೆಲೆಗೆ ಸಿಕ್ಕರೂ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಗಾಜಿನ ಒಳಗೆ ನೋಡಿ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಅದು ಬೂಷ್ಟು, ಸುಮ್ನೆ ವಾಪಸ್ ಕೊಟ್ಟುಬಿಡಿ. ಮನೆಗೆ ತಂದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್.